ಗಾಳಿಗೆ ಬಿದ್ದ ಸಾಗುವಾನಿ ಎರಡು ವರ್ಷದಿಂದ ಕಾಡಲ್ಲೇ ಮಲಗಿದೆ, ಯಾವ ರೂಲ್ಸ್ ಇದು?

ತೊಟ್ಟಿಲ ಕಾಲು (ಕಲಘಟಗಿ)

ಎಲ್ಲರಿಗೂ ನಮಸ್ಕಾರ ರೀ.

ನಾನು ಕಲಘಟಗಿಯವನು. ತೊಟ್ಟಿಲು ಮಾಡುತ್ತೇನೆ. ಅಪ್ಪ ಮಾಡುತ್ತಿದ್ದ, ಈಗ ನಾನು. ಮಗ ಹುಬ್ಬಳ್ಳಿಯಲ್ಲಿ ಮೊಬೈಲ್ ಅಂಗಡಿ ಸೇರಿದ್ದಾನೆ, ಆ ಮಾತು ಇಲ್ಲಿ ಬೇಡ. ನಮ್ಮೂರ ತೊಟ್ಟಿಲಿಗೆ ಸಾಗುವಾನಿಯೇ ಆಗಬೇಕು. ಬೇವಿನಲ್ಲಿ ಮಾಡಿಕೊಡಿ, ಅಕೇಶಿಯಾದಲ್ಲಿ ಮಾಡಿಕೊಡಿ, ಅಗ್ಗ ಆಗುತ್ತದೆ ಅನ್ನುವವರು ಇದ್ದಾರೆ. ಮಾಡಬಹುದು. ನಾಲ್ಕು ಮಳೆಗಾಲ ಕಳೆದ ಮೇಲೆ ಸಂದು ಬಿಟ್ಟಾಗ ಅವರೇ ಬಂದು ಬೈಯುತ್ತಾರೆ. ಅಜ್ಜಿ ಮಲಗಿದ್ದ ತೊಟ್ಟಿಲಲ್ಲಿ ಮೊಮ್ಮಗಳ ಮಗು ಮಲಗಬೇಕು ಅಂತಲೇ ಜನ ನಮ್ಮ ಹತ್ತಿರ ಬರುವುದು.

ವಿಷಯಕ್ಕೆ ಬರುತ್ತೇನೆ. ಎರಡು ವರ್ಷದ ಹಿಂದೆ ಆಷಾಢದ ಗಾಳಿಗೆ ಒಂದು ಸಾಗುವಾನಿ ಬೇರು ಸಮೇತ ಉರುಳಿತು. ಜಾಗ ರಿಜರ್ವ್ ಫಾರೆಸ್ಟ್. ನಮ್ಮ ಬೀಗರ ಹೊಲದ ಬದುವಿನಿಂದ ಐವತ್ತು ಹೆಜ್ಜೆ ಒಳಗೆ. ವಲಯ ಯಾವುದು ಅಂತ ಹೇಳುವುದಿಲ್ಲ, ಅಲ್ಲಿಯ ಗಾರ್ಡ್ ಒಳ್ಳೆಯ ಹುಡುಗ, ಅವನಿಗೆ ತೊಂದರೆ ಬೇಡ. ನಾನು ಹೋಗಿ ನೋಡಿದೆ. ಕೈಯಲ್ಲಿ ದಾರ ಇತ್ತು, ಸುಮ್ನೆ ಸುತ್ತಿದೆ. ನಡು ಸುತ್ತಳತೆ 120 ಸೆಂಟಿಮೀಟರ್. ನೆಟ್ಟಗಿರುವ ಬೊಡ್ಡೆ 3 ಮೀಟರ್. ಇಲಾಖೆಯವರ ಲೆಕ್ಕ ಹೀಗೆ: ಸುತ್ತಳತೆಯ ಕಾಲು ಭಾಗ ಹಿಡಿ, ಅದನ್ನು ಅದರಿಂದಲೇ ಗುಣಿಸು, ಆಮೇಲೆ ಉದ್ದದಿಂದ ಗುಣಿಸು. 0.27 ಘನ ಮೀಟರ್ ಬಂತು. ಕೊಯ್ದಾಗ ಅರ್ಧ ಹೋದರೂ ಎರಡು ತೊಟ್ಟಿಲು ಆರಾಮಾಗಿ ಆಗುತ್ತವೆ.

ಗಾರ್ಡ್ ಬಂದ. ಅಳತೆ ಬರೆದುಕೊಂಡ. ಬುಡದ ಹತ್ತಿರ ತೊಗಟೆ ಕೆತ್ತಿ ಸುತ್ತಿಗೆಯಿಂದ ಇಲಾಖೆಯ ಅಕ್ಷರದ ಮುದ್ರೆ ಹೊಡೆದ. ಮಹಜರ್ ಆಯಿತು, ಬೀಗರೇ ಸಹಿ ಹಾಕಿದರು. ಇಷ್ಟೆಲ್ಲ ಒಂದೇ ವಾರದಲ್ಲಿ. ಇನ್ನೇನು ಇಲಾಖೆಯ ಕಟ್ಟಿಗೆ ಡಿಪೋಕ್ಕೆ ಬರುತ್ತದೆ, ಹರಾಜಿಗೆ ನಿಂತು ತಗೊಂಡರಾಯಿತು ಅಂದುಕೊಂಡೆ. ಪುಕ್ಕಟೆ ಯಾರು ಕೇಳಿದರು?

ಮರ ಇನ್ನೂ ಅಲ್ಲೇ ಇದೆ.

ಮೂರು ಸಲ ಆಫೀಸಿಗೆ ಹೋಗಿದ್ದೇನೆ. ಮೊದಲ ಸಲ, "ವರ್ಕಿಂಗ್ ಪ್ಲಾನ್ ಪ್ರಕಾರ ತೆಗೆಯಬೇಕು, ತಡಿರಿ" ಅಂದರು. ಎರಡನೇ ಸಲ, "ಹಳೇ ಪ್ಲಾನ್ ಮುಗಿದಿದೆ, ಹೊಸದಕ್ಕೆ ಮಂಜೂರಿ ಬರಬೇಕು" ಅಂದರು. ಮೂರನೇ ಸಲ, "ಒಂದೇ ಮರಕ್ಕೆ ಲಾರಿ ಕಳಿಸಕ್ಕಾಗಲ್ಲ, ಇನ್ನೂ ಒಂದಷ್ಟು ಬೀಳಲಿ" ಅಂದರು. ಇನ್ನಷ್ಟು ಮರ ಬೀಳಲಿ ಅಂತ ನಾನು ಹರಕೆ ಹೊರಬೇಕಾ?

ಕಳೆದ ವರ್ಷ ಗದಗಿನ ಒಂದು ಮನೆಯವರು ಮಗಳ ಏಳನೇ ತಿಂಗಳಲ್ಲೇ ಬಂದು ತೊಟ್ಟಿಲಿಗೆ ಹೇಳಿ ಹೋಗಿದ್ದರು. ಕಟ್ಟಿಗೆ ಸಿಗಲಿಲ್ಲ. ಡಿಪೋದ ಲಾಟು, ಅಂದರೆ ಒಟ್ಟಿಗೆ ಹರಾಜಿಗಿಡುವ ರಾಶಿ, ನನ್ನಂಥವನಿಗೆ ದೊಡ್ಡದು, ಅದನ್ನು ಎತ್ತುವವರು ಸಾ ಮಿಲ್‌ನವರು. ಕೊನೆಗೆ ಹುಬ್ಬಳ್ಳಿಯಲ್ಲಿ ಘಾನಾ ಸಾಗುವಾನಿ ತಂದೆ. ಒಣಗಿದೆ ಅಂದರು, ನಂಬಿದೆ. ಅರಗಿನ ಬಣ್ಣ ಹಚ್ಚಿ, ಕೇದಗೆ ಗರಿಯಿಂದ ತಿಕ್ಕಿ, ಹೊಳಪು ಬಂದು, ಎಲ್ಲ ಆಯಿತು. ಮಗು ಹಾಕಿದ ಎರಡೇ ತಿಂಗಳಿಗೆ ಪಕ್ಕದ ಹಲಗೆ ಬಾಯಿ ಬಿಟ್ಟಿತು. ಸರಿಯಾಗಿ ಅದರ ಮೇಲೆ ಬರೆದ ಕೃಷ್ಣನ ಮುಖದ ಮೇಲೆಯೇ ಸೀಳು. ದುಡ್ಡು ವಾಪಸ್ ಕೊಟ್ಟೆ. ಕಾಡು ನಮ್ಮ ಹಿತ್ತಲಲ್ಲಿ, ಕಟ್ಟಿಗೆ ಆಫ್ರಿಕಾದಿಂದ. ಇದು ಯಾವ ನ್ಯಾಯ?

ನನ್ನ ಪ್ರಶ್ನೆ ಇಷ್ಟೇ. ಬದುಕಿರುವ ಮರ ಕಡಿಯಬಾರದು, ಒಪ್ಪಿದೆ. ಸತ್ತು ಬಿದ್ದದ್ದನ್ನು ತೆಗೆಯಲು ಪರಿಸರದ ಯಾವ ರೂಲು ಅಡ್ಡ ಬರುತ್ತದೆ? ಅದು ಕೊಳೆತು ಹೋದರೆ ಯಾರಿಗೆ ಲಾಭ?

---

ಹಳೇ ಸುತ್ತಿಗೆ (ಧಾರವಾಡ)

ಯಜಮಾನ್ರೇ, ನಾನು ಅರಣ್ಯ ಇಲಾಖೆಯಲ್ಲಿ ಗಾರ್ಡ್ ಆಗಿ ಸೇರಿ ಫಾರೆಸ್ಟರ್ ಆಗಿ ರಿಟೈರ್ ಆದವನು. ನೀವು ಹೋದ ಆಫೀಸಿನ ಪರ ವಾದ ಮಾಡುವುದಿಲ್ಲ. ಲಾರಿ ಮಾತು ಶುದ್ಧ ಸೋಮಾರಿತನ.

ಮೊದಲು ಒಂದು ಹೆದರಿಕೆ ಬಿಡಿ. ನಿಮ್ಮ ಮರ ಕೊಳೆಯುತ್ತಿಲ್ಲ. ಮಾವು, ಬೂರುಗ ಆಗಿದ್ದರೆ ಇಷ್ಟು ಹೊತ್ತಿಗೆ ಹಿಟ್ಟು. ಸಾಗುವಾನಿಯಲ್ಲಿ ಹೊರಗಿನ ಬಿಳಿ ಮಾತ್ರ ಒರಲಿ (ಗೆದ್ದಲು) ಪಾಲು. ಒಳಗಿನ ಕೆಚ್ಚು ವರ್ಷಗಟ್ಟಲೆ ಅಲ್ಲಾಡುವುದಿಲ್ಲ. ಬ್ರಿಟಿಷರ ಕಾಲದಲ್ಲಿ ಬರ್ಮಾದಲ್ಲಿ ಸಾಗುವಾನಿಯನ್ನು ಹಸಿಯಾಗಿ ಕಡಿಯುತ್ತಲೇ ಇರಲಿಲ್ಲ. ಬುಡದಲ್ಲಿ ಸುತ್ತಲೂ ಕೆತ್ತಿ, ಮರವನ್ನು ನಿಂತಲ್ಲೇ ಸಾಯಿಸಿ, ಎರಡು ಮೂರು ವರ್ಷ ಒಣಗಿಸಿ ಆಮೇಲೆ ಕಡಿಯುತ್ತಿದ್ದರು. ಹಸಿ ದಿಮ್ಮಿ ಹೊಳೆಯಲ್ಲಿ ತೇಲುವುದಿಲ್ಲ, ಅದಕ್ಕೆ. ನಿಮ್ಮ ಮರ ಕಾಡಲ್ಲೇ ಸೀಸನಿಂಗ್ ಆಗುತ್ತಿದೆ ಅಂತ ತಿಳಿಯಿರಿ. ಕೊಡಲಿಯ ಹಿಂಬದಿಯಿಂದ ಬಡಿದು ನೋಡಿ. ಗಂಟೆ ಹೊಡೆದ ಹಾಗೆ ಕೇಳಿದರೆ ಚಿಂತೆ ಇಲ್ಲ.

ಈಗ ರೂಲ್ಸ್. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಮೊದಲೇ ಇತ್ತು. ಆದರೆ ನಮ್ಮ ಆಫೀಸುಗಳ ಭಾಷೆ ಬದಲಾದದ್ದು 12 ಡಿಸೆಂಬರ್ 1996ರಿಂದ. ಕಾಡು ಕಡಿಯುವುದರ ಬಗ್ಗೆ ನಡೆದ ಗೋದಾವರ್ಮನ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಅವತ್ತು ಹೇಳಿದ್ದು ಇದು: ಕೇಂದ್ರ ಸರ್ಕಾರ ಒಪ್ಪಿದ ವರ್ಕಿಂಗ್ ಪ್ಲಾನ್ ಪ್ರಕಾರ ಬಿಟ್ಟರೆ ದೇಶದ ಯಾವ ಕಾಡಿನಲ್ಲೂ ಮರ ಕಡಿಯುವಂತಿಲ್ಲ. ಈ ಪ್ಲಾನ್ ಸಾಮಾನ್ಯವಾಗಿ 10 ವರ್ಷದ್ದು. ಯಾವ ಬ್ಲಾಕು, ಯಾವ ಜಾತಿ, ಎಷ್ಟು ಕಡಿಯಬೇಕು, ಎಲ್ಲಿ ಮುಟ್ಟಬಾರದು, ಎಲ್ಲ ಅದರಲ್ಲಿ ಇರುತ್ತದೆ. ಒಣಗಿದ, ಬಿದ್ದ ಮರ ಏನು ಮಾಡಬೇಕು ಅನ್ನುವುದೂ ಇರುತ್ತದೆ. ರಸ್ತೆಗೆ, ಫ್ಯಾಕ್ಟರಿಗೆ ಮಾಡುವ ಪರಿಸರ ವರದಿ ಬೇರೆ, ಇದು ಬೇರೆ. ಕಾಡಿನ ಮಟ್ಟಿಗೆ ನಮ್ಮಲ್ಲಿ ಪರಿಸರದ ತಪಾಸಣೆ ಅಂದರೆ ಈ ಪ್ಲಾನೇ. ಅದರ ಅವಧಿ ಮುಗಿದು ಹೊಸದು ಬರದಿದ್ದರೆ ಕೆಳಗಿನ ಯಾವ ಅಧಿಕಾರಿಯೂ ಪೆನ್ನು ಎತ್ತುವುದಿಲ್ಲ. ನಾಳೆ ನೋಟಿಸ್ ಬಂದರೆ ಅವನ ಪೆನ್ಶನ್ ನಿಲ್ಲುತ್ತದೆ.

ಬಿದ್ದದ್ದಕ್ಕೂ ಯಾಕೆ ಇಷ್ಟು ಅಂತ ಕೇಳಿದಿರಿ. ಒಂದು ಕಥೆ ಹೇಳುತ್ತೇನೆ. ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ, ಒಂದು ಮಳೆಗಾಲ, ಬಿದ್ದ ಮರಗಳ ಪಟ್ಟಿ ಮಾಡಲು ಕಳಿಸಿದರು. ಹೋದೆ. ಬಿದ್ದದ್ದೆಲ್ಲ ಸಾಗುವಾನಿ. ಎಲ್ಲ ನೆಟ್ಟಗಿರುವವು. ಎಲ್ಲ ಗಾಡಿ ದಾರಿಯ ಪಕ್ಕದವು. ಹತ್ತಿರದ ಮತ್ತಿ ಬಿದ್ದಿರಲಿಲ್ಲ, ದಿಂಡಲ ಬಿದ್ದಿರಲಿಲ್ಲ, ಸೊಟ್ಟ ಸಾಗುವಾನಿಯೂ ಬಿದ್ದಿರಲಿಲ್ಲ. ಗಾಳಿಗೆ ಕಣ್ಣಿದೆ ಅಂತ ಅವತ್ತು ಗೊತ್ತಾಯಿತು. ಬುಡ ನೋಡಿದರೆ ತೊಗಟೆಯನ್ನು ಬಳೆಯ ಹಾಗೆ ಸುಲಿದಿದ್ದರು. ಹಿಂದಿನ ವರ್ಷ ಸುಲಿ, ಈ ವರ್ಷ "ಒಣಮರ" ಅಂತ ಬರೆ, ಹಗ್ಗ ಕಟ್ಟಿ ಎಳೆ, "ಗಾಳಿಗೆ ಬಿತ್ತು" ಅಂತ ಬರೆ. ಬಿದ್ದ ಮರಕ್ಕೆ ಬಾಗಿಲು ಅಗಲ ಮಾಡಿದರೆ ನಿಂತ ಮರಗಳೂ ಅದೇ ಬಾಗಿಲಲ್ಲಿ ಹೋಗುತ್ತವೆ ರೀ.

ನೀವು ಮಾಡಬೇಕಾದದ್ದು: ಆರ್‌ಟಿಐ ಹಾಕಿ. ಒಣಗಿದ ಮತ್ತು ಬಿದ್ದ ಮರಗಳ ಬಗ್ಗೆ ಪ್ಲಾನಿನಲ್ಲಿರುವ ಪುಟಗಳ ನಕಲು, ಪ್ಲಾನಿನ ಅವಧಿ, ಇಷ್ಟನ್ನೇ ಕೇಳಿ. 10 ರೂಪಾಯಿ ಶುಲ್ಕ. ಒಂದೇ ವಿಷಯ, 150 ಪದದೊಳಗೆ. ಘಾನಾ, ಕೃಷ್ಣ ಎಲ್ಲ ಬರೆಯಬೇಡಿ. 30 ದಿನದಲ್ಲಿ ಉತ್ತರ ಕೊಡಬೇಕು.

---

ಹೊಲದ ಬದು (ಹಾನಗಲ್)

ಇಷ್ಟೆಲ್ಲ ಯಾಕೆ ಅಣ್ಣಾರ? ರೈತರ ಹೊಲದ ಬದುವಿನ ಸಾಗುವಾನಿ ತಗೊಳ್ಳಿ. ನಮ್ಮ ಕಡೆ ಬೇಕಾದಷ್ಟು ಇದೆ. 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ಪರ್ಮಿಶನ್ ತಗೊಂಡು, ಸಾಗಿಸಲು ಪಾಸ್ ಮಾಡಿಸಿದರೆ ಆಯಿತು. ಕಾಡಿನ ಉಸಾಬರಿಯೇ ಬೇಡ.

---

ತೊಟ್ಟಿಲ ಕಾಲು (ಕಲಘಟಗಿ)

ತಗೊಂಡಿದ್ದೇನೆ ತಮ್ಮಾ. ಕಬ್ಬಿನ ನೀರು ಕುಡಿದು ಹದಿನೈದು ವರ್ಷಕ್ಕೇ ದಪ್ಪ ಆಗಿರುತ್ತವೆ. ಕೊಯ್ದರೆ ಅರ್ಧ ಬಿಳಿ. ಕುರ್ಚಿಗೆ ನಡೆಯುತ್ತದೆ.

ಹಳೇ ಸುತ್ತಿಗೆಯವರೇ, ನಿಮ್ಮ ಗಾಳಿಯ ಕಥೆ ಓದಿ ನಗು ಬಂತು, ಆಮೇಲೆ ಬೇಜಾರೂ ಆಯಿತು. ಆದರೆ ಒಂದು ಕೇಳುತ್ತೇನೆ. ನನ್ನ ಮರ ಬೇರು ಸಮೇತ ಎದ್ದಿದೆ. ಗುಂಡಿ ಇದೆ. ಸುಲಿದ ಗುರುತಿಲ್ಲ. ಮಹಜರ್ ಇದೆ. ಕಳ್ಳರಿಗೆ ಹಾಕಿದ ಬೀಗ ಮನೆಯವರಿಗೂ ತೆಗೆಯಲು ಬರದಿದ್ದರೆ ಏನು ಪ್ರಯೋಜನ?

---

ಕಪ್ಪತ್ತಗುಡ್ಡದ ಬುಡ (ಮುಂಡರಗಿ)

ನಿಮ್ಮದು ರಿಜರ್ವ್ ಫಾರೆಸ್ಟ್. ಅಷ್ಟಾದರೂ ದಾರಿ ಇದೆ. ನಮ್ಮ ಕಪ್ಪತ್ತಗುಡ್ಡ 2019ರಿಂದ ವನ್ಯಜೀವಿಧಾಮ, ಸುಮಾರು 244 ಚದರ ಕಿಲೋಮೀಟರ್. ಇಲ್ಲಿ ಆ ಮಾತೇ ಇಲ್ಲ. ಒಣಗಿದ, ರೋಗ ಬಂದ, ಗಾಳಿಗೆ ಬಿದ್ದ ಮರ, ಹುಲ್ಲು ಸಹ, ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳಿಂದ ತೆಗೆಯಬಾರದು ಅಂತ ಫೆಬ್ರವರಿ 2000ದಲ್ಲಿ ಅದೇ ಗೋದಾವರ್ಮನ್ ಕೇಸಿನಲ್ಲಿ ಆದೇಶ ಆಗಿದೆ. 1972ರ ವನ್ಯಜೀವಿ ಕಾಯ್ದೆಯ 29ನೇ ಕಲಂ ನೋಡಿ. ವನ್ಯಜೀವಿಗಳಿಗೆ ಒಳ್ಳೆಯದಾಗುತ್ತದೆ ಅಂತ ವನ್ಯಜೀವಿ ಮಂಡಳಿಯ ಜೊತೆ ಮಾತಾಡಿ ಸರ್ಕಾರಕ್ಕೆ ಖಾತ್ರಿಯಾದರೆ ಮಾತ್ರ ಏನನ್ನಾದರೂ ತೆಗೆಯಬಹುದು. ಹಾಗೆ ತೆಗೆದದ್ದನ್ನೂ ಸುತ್ತಮುತ್ತಲಿನ ಜನರ ಸ್ವಂತ ಬಳಕೆಗೆ ಕೊಡಬಹುದು, ಮಾರುವ ಹಾಗಿಲ್ಲ. ಅಂದರೆ ನಿಮ್ಮ ಮರ ಇಲ್ಲಿ ಬಿದ್ದಿದ್ದರೆ ಹರಾಜು ಅನ್ನುವ ಶಬ್ದವೇ ಬರುತ್ತಿರಲಿಲ್ಲ.

ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಬೀಳುತ್ತದಲ್ವಾ, ಸುಟ್ಟ ಕೊರಡು ಹಾಗೇ ನಿಂತಿರುತ್ತವೆ. ಮೊದಲು ನನಗೂ ನಿಮ್ಮ ಹಾಗೆಯೇ ಅನ್ನಿಸುತ್ತಿತ್ತು, ಎಷ್ಟು ಉರುವಲು ದಂಡ ಅಂತ. ಒಂದು ಸಲ ಅಂಥ ಕೊರಡಿನ ತೂತಿನಿಂದ ಗೂಬೆ ಮರಿ ಮುಖ ಹಾಕಿ ನನ್ನನ್ನೇ ನೋಡಿತು. ಅವತ್ತಿನಿಂದ ಸುಮ್ಮನಿದ್ದೇನೆ. ನಮ್ಮವ್ವ ಮಾತ್ರ ಇವತ್ತಿಗೂ ಬೈಯುತ್ತಾಳೆ. ಗ್ಯಾಸ್ ಸಿಲಿಂಡರ್ ದುಡ್ಡು ಗೂಬೆ ಕೊಡುತ್ತದಾ ಅಂತ ಕೇಳುತ್ತಾಳೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

---

ಶಿರಸಿಯಲ್ಲಿ ಕಲಿತವನು (ಹುಬ್ಬಳ್ಳಿ)

ನಾನು ಶಿರಸಿಯ ಫಾರೆಸ್ಟ್ರಿ ಕಾಲೇಜಿನಲ್ಲಿ ಓದಿದ್ದು, ಈಗ ಮಾಡುವ ಕೆಲಸಕ್ಕೂ ಕಾಡಿಗೂ ಸಂಬಂಧ ಇಲ್ಲ. ಆದರೂ ಈ ಜಗಳ ನನಗೆ ಇಷ್ಟ. ಅಮೆರಿಕದಲ್ಲಿ ಇದೇ ಜಗಳ ಎಷ್ಟೋ ವರ್ಷಗಳಿಂದ ನಡೆದಿದೆ, ಅದನ್ನು ಸ್ವಲ್ಪ ಹೇಳುತ್ತೇನೆ.

ಅಲ್ಲಿ ಪಶ್ಚಿಮದ ಕಡೆ ದೊಡ್ಡ ದೊಡ್ಡ ಕಾಡು ಕೇಂದ್ರ ಸರ್ಕಾರದ್ದು. ಅವುಗಳಲ್ಲಿ ಏನೇ ದೊಡ್ಡ ಕೆಲಸ ಮಾಡುವುದಿದ್ದರೂ ಮೊದಲು ಪರಿಸರದ ಮೇಲೆ ಏನಾಗುತ್ತದೆ ಅಂತ ಬರೆದು, ಜನರ ಮುಂದಿಟ್ಟು, ಆಕ್ಷೇಪಣೆ ಕೇಳಬೇಕು. ನೀಪಾ ಅನ್ನುವ ಕಾಯ್ದೆ, 1970ರ ಜನವರಿ 1ಕ್ಕೆ ಸಹಿ ಆದದ್ದು. ಕಾಡಿಗೆ ಬೆಂಕಿ ಬಿದ್ದ ಮೇಲೆ ಸತ್ತ ಮರ ತೆಗೆಯಲೂ ಇದು ಬೇಕು. ಯಜಮಾನರ ಸಾಗುವಾನಿಗೂ ಅಲ್ಲಿನ ಪೈನ್ ಮರಕ್ಕೂ ಇಲ್ಲೇ ವ್ಯತ್ಯಾಸ. ಸತ್ತ ಪೈನ್‌ಗೆ ಬೇಗ ನೀಲಿ ಬೂಸ್ಟು ಹಿಡಿಯುತ್ತದೆ, ಹುಳ ಕೊರೆಯುತ್ತದೆ, ಸೀಳು ಬಿಡುತ್ತದೆ. ಒಂದೆರಡು ವರ್ಷದಲ್ಲಿ ಬೆಲೆ ಪಾತಾಳಕ್ಕೆ. ಕಾಗದ ಮುಗಿಯುವ ಹೊತ್ತಿಗೆ ಮರ ಮುಗಿದಿರುತ್ತದೆ ಅನ್ನುವುದು ಅಲ್ಲಿಯ ಸಾ ಮಿಲ್‌ನವರ ಗೋಳು.

2002ರಲ್ಲಿ ಓರೆಗಾನ್ ರಾಜ್ಯದ ನೈರುತ್ಯದಲ್ಲಿ ಬಿಸ್ಕಿಟ್ ಫೈರ್ ಅಂತ ಆಯಿತು. ಸಿಡಿಲಿನಿಂದ ಹತ್ತಿದ್ದು, ಸುಮಾರು 5 ಲಕ್ಷ ಎಕರೆ. ಸುಟ್ಟ ಮರ ತೆಗೆಯುವ ಪರಿಸರ ವರದಿಯ ಅಂತಿಮ ಪ್ರತಿ ಬಂದದ್ದು 2004ರಲ್ಲಿ. ಆಮೇಲೆ ಕೋರ್ಟು, ರಸ್ತೆ ತಡೆ ಎಲ್ಲ ನಡೆಯಿತು. ನೋಡಿದಿರಾ, ರೂಲ್ಸ್‌ನಿಂದ ಎಲ್ಲ ಹಾಳು ಅಂದರು. ಆದರೆ 2006ರಲ್ಲಿ ಅದೇ ಜಾಗದ ಬಗ್ಗೆ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಸುಟ್ಟ ಕಾಡಿನಲ್ಲಿ ಸಸಿಗಳು ತಾವಾಗಿಯೇ ಚೆನ್ನಾಗಿ ಎದ್ದಿದ್ದವು, ದಿಮ್ಮಿ ತೆಗೆದ ಕಡೆ ಅವುಗಳಲ್ಲಿ 71 ಶೇಕಡಾ ಹೋಗಿದ್ದವು. ನೆಲದ ಮೇಲೆ ಬಿಟ್ಟು ಹೋದ ರೆಂಬೆ ಕೊಂಬೆಯಿಂದ ಮತ್ತೆ ಬೆಂಕಿಯ ಅಪಾಯವೂ ಹೆಚ್ಚಿತು ಅಂತ ಅದರಲ್ಲಿತ್ತು. ಇದಕ್ಕೆ ಬೇರೆ ತಜ್ಞರು ಜೋರಾಗಿ ತಕರಾರು ಎತ್ತಿದರು, ಅದೂ ನಿಜ. ನಮ್ಮಲ್ಲಿ ಮಳೆಗಾಲದಲ್ಲಿ ಟ್ರ್ಯಾಕ್ಟರ್ ಹಾಕಿ ದಿಮ್ಮಿ ಎಳೆದ ದಾರಿಯನ್ನು ಒಮ್ಮೆ ನೋಡಿದವರಿಗೆ ಇದು ವಿಚಿತ್ರ ಅನ್ನಿಸುವುದಿಲ್ಲ. ಮೊಣಕಾಲುದ್ದ ಕಾಲುವೆ ಬಿದ್ದಿರುತ್ತದೆ.

ಹಳೇ ಸುತ್ತಿಗೆಯವರ ಗಾಳಿ ಕಥೆಗೂ ಅಲ್ಲಿ ಒಂದು ಜೋಡಿ ಇದೆ. ಜುಲೈ 1995ರಲ್ಲಿ ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದ ಒಂದು ಖರ್ಚಿನ ಮಸೂದೆಯಲ್ಲಿ ಒಂದು ಬಾಲ ಸೇರಿಸಿದ್ದರು. 1996ರ ಕೊನೆಯವರೆಗೆ ಸತ್ತ ಮರದ ಮಾರಾಟಕ್ಕೆ ಪರಿಸರ ಕಾಯ್ದೆಗಳ ತಡೆ ಇಲ್ಲದ ಹಾಗೆ. ಅದರಲ್ಲಿ ಯಾವ ಮರ ಅಂತ ವಿವರಿಸುವಾಗ ಸತ್ತ ಮರ, ಬಿದ್ದ ಮರ ಅಂತ ಶುರು ಮಾಡಿ, ಮುಂದೆ ಬೆಂಕಿಗೋ ಹುಳಕ್ಕೋ ತುತ್ತಾಗಬಹುದಾದ ಮರ, ಅವುಗಳ ಜೊತೆಗಿನ ಮರ ಅಂತಲೂ ಬರೆದಿದ್ದರು. "ಜೊತೆಗಿನ ಮರ"! ಇಡೀ ಕಾಡೇ ಒಂದಕ್ಕೊಂದು ಜೊತೆ ಅಲ್ವಾ?

ಆದರೆ ನನ್ನ ಒಲವು ಯಜಮಾನರ ಕಡೆ. ಯಾಕೆಂದರೆ ಅಲ್ಲಿ 2003ರಲ್ಲಿ ಒಂದು ಸಣ್ಣ ಬಾಗಿಲು ತೆರೆದರು. ಸತ್ತ ಅಥವಾ ಸಾಯುತ್ತಿರುವ ಮರ ತೆಗೆಯುವ ಜಾಗ 250 ಎಕರೆ ದಾಟದಿದ್ದರೆ, ತಾತ್ಕಾಲಿಕ ರಸ್ತೆ ಅರ್ಧ ಮೈಲಿ ಮೀರದಿದ್ದರೆ, ದೊಡ್ಡ ವರದಿ ಬೇಡ. ಅದು ಸರಿಯೇ ತಪ್ಪೇ ಅಂತ ಅವರು ಹೊಡೆದಾಡಲಿ. ಸಣ್ಣದಕ್ಕೂ ದೊಡ್ಡದಕ್ಕೂ ಅಳತೆ ಬೇರೆ ಇರಬೇಕು ಅಂತ ಒಪ್ಪಿಕೊಂಡರಲ್ಲ, ಅದು ಮುಖ್ಯ. ಬದುವಿನಿಂದ ಐವತ್ತು ಹೆಜ್ಜೆಯಲ್ಲಿ ಬಿದ್ದ ಒಂದು ಮರ, ಒಂದು ಜೋಡಿ ಎತ್ತು ಎಳೆದರೆ ಮುಗಿಯಿತು. ಅದಕ್ಕೂ ಹತ್ತು ವರ್ಷದ ಪ್ಲಾನ್ ಕಾಯಬೇಕಾ? ಕುಶಲಕರ್ಮಿಗಳಿಗೆ ಅಂತ ಡಿಪೋದಲ್ಲಿ ಸಣ್ಣ ಲಾಟು ಹಾಕಲು ಯಾವ ಕೋರ್ಟೂ ಬೇಡ ಅಂದಿಲ್ಲ.

---

ಹಳೇ ಸುತ್ತಿಗೆ (ಧಾರವಾಡ)

ಸಣ್ಣ ಲಾಟಿನ ಮಾತು ಸರಿ. ನಾವೇ ಎಷ್ಟೋ ಸಲ ಬರೆದು ಕಳಿಸಿದ್ದೇವೆ. ಸಣ್ಣ ಲಾಟು ಅಂದರೆ ಲೆಕ್ಕದ ಪುಸ್ತಕದಲ್ಲಿ ಜಾಸ್ತಿ ಸಾಲು. ಯಾರಿಗೂ ಬೇಡ.

ಎತ್ತಿನ ಮಾತೂ ಸರಿ. ನಿಮ್ಮ 250 ಎಕರೆ ಮಾತ್ರ ಇಲ್ಲಿ ತರಬೇಡಿ. ನಮ್ಮ ಕಡೆ ಅಷ್ಟು ಜಾಗ ಕೊಟ್ಟರೆ ಒಂದು ಊರಿನ ಕಾಡೇ ಖಾಲಿ.

---

ತೊಟ್ಟಿಲ ಕಾಲು (ಕಲಘಟಗಿ)

ಎಲ್ಲರಿಗೂ ಉಪಕಾರ ಆಯಿತು. ಆರ್‌ಟಿಐ ಬರೆದೆ. ಮಗ ಎಣಿಸಿದ, 96 ಪದ. ಕೃಷ್ಣನನ್ನು ಬಿಟ್ಟೆ.

ನಿನ್ನೆ ಭಾನುವಾರ ಬೀಗರ ಹೊಲಕ್ಕೆ ಹೋಗಿ, ಅವರನ್ನೂ ಗಾರ್ಡನ್ನೂ ಕರೆದುಕೊಂಡು ಮರ ನೋಡಿದೆ. ಮೇಲೆಲ್ಲ ಒರಲಿ ಮಣ್ಣು. ಕೈಯಿಂದ ಒರೆಸಿದರೆ ಬಿಳಿ ಭಾಗ ರವೆಯ ಹಾಗೆ ಉದುರುತ್ತದೆ. ಎರಡು ಬೆರಳು ದಪ್ಪ ಹೋಗಿದೆ. ಒಳಗೆ ಕಂದು ಬಣ್ಣ, ಎಣ್ಣೆ ಹಚ್ಚಿದ ಹಾಗೆ. ಗಾರ್ಡ್ ಕೊಡಲಿ ತಿರುಗಿಸಿ ಬಡಿದ. ಠಣ್ ಅಂತು. ನೀವು ಹೇಳಿದ್ದು ಸರಿ. ದಾರ ಸುತ್ತಿದೆ. ಕೆಚ್ಚಿನ ಸುತ್ತಳತೆ 101. ಲೆಕ್ಕ ಹಾಕಿದರೆ 0.19 ಘನ ಮೀಟರ್ ಬಂತು. ಎರಡು ವರ್ಷದಲ್ಲಿ 0.08 ಹೋಯಿತು ಅಂತ ಮೊದಲು ಹೊಟ್ಟೆ ಉರಿಯಿತು. ಆಮೇಲೆ ನೆನಪಾಯಿತು, ಆ ಬಿಳಿಯನ್ನು ನಾನು ಹೇಗೂ ಕೆತ್ತಿ ಬಿಸಾಡುತ್ತಿದ್ದೆ. ಒರಲಿ ನನ್ನ ಕೆಲಸ ಮಾಡಿದೆ. ಬೇರಿನ ಗುಂಡಿಯಲ್ಲಿ ನೀರು ನಿಂತು ಕಪ್ಪೆ ಸೇರಿಕೊಂಡಿವೆ, ಪಕ್ಕದಲ್ಲಿ ನಾಲ್ಕು ಸಾಗುವಾನಿ ಸಸಿ ಎದ್ದಿವೆ. ಎಳೆಯುವಾಗ ಆ ಕಡೆಯಿಂದ ಎಳೆಯಬಾರದು ಅಂತ ಗಾರ್ಡಿಗೆ ಹೇಳಿದ್ದೇನೆ. ಎತ್ತು ಬೀಗರದ್ದೇ ಇವೆ.

ಒಂದು ಹೊಸ ಸಮಸ್ಯೆ ಇದೆ ರೀ ಹಳೇ ಸುತ್ತಿಗೆಯವರೇ. ಮುದ್ರೆ ಹೊಡೆದದ್ದು ಬಿಳಿಯ ಮೇಲೆ. ಆ ಬಿಳಿಯೇ ಈಗ ಉದುರುತ್ತಿದೆ. ಅಕ್ಷರದಲ್ಲಿ ಒಂದು ಕಾಲು ಮಾತ್ರ ಉಳಿದಿದೆ. ಗಾರ್ಡ್ ನೋಡಿ ಬೆವತುಬಿಟ್ಟ. ಮುದ್ರೆ ಪೂರ್ತಿ ಹೋದರೆ ಈ ಮರದ ಗತಿ ಏನು?

---

ಹಳೇ ಸುತ್ತಿಗೆ (ಧಾರವಾಡ)

ಮುದ್ರೆ ಇಲ್ಲದ ಸಾಗುವಾನಿ ಬದುವಿನ ಪಕ್ಕದಲ್ಲಿ ಸಿಕ್ಕರೆ ಮೊದಲು ವಿಚಾರಿಸುವುದು ನಿಮ್ಮ ಬೀಗರನ್ನು. ಅವರು ಎತ್ತು ಬೇರೆ ಸಾಕಿದ್ದಾರೆ.

ನಾಳೆಯೇ ಗಾರ್ಡ್ ಹತ್ತಿರ ಹೊಸ ಮುದ್ರೆ ಹೊಡೆಸಿ, ಈ ಸಲ ಕೆಚ್ಚಿನ ಮೇಲೆ. ಹಳೇ ಮಹಜರಿನ ತಾರೀಖು ಹಾಕಿ ಮರು ಮಹಜರ್ ಮಾಡಲಿ. ಅದರ ನಕಲು ಒಂದು ಬೀಗರ ಮನೆಯಲ್ಲಿ ಇರಲಿ. ಅಲ್ಲಿಯವರೆಗೆ ದಾರ ತಗೊಂಡು ಆ ಮರದ ಹತ್ತಿರ ಹೋಗಬೇಡಿ.